ಕೊಳ್ಳುವವಳು ಸಿಕ್ಕಿದಳು

ಶಾಹಿನಾ, ಆ ಷೇರುಗಳನ್ನು ನಿನಗೆ ಮಾರಿದವಳು ನಾನೇ. ಇಷ್ಟು ವರ್ಷ ಮಾರ್ಕೆಟ್ಟನ್ನು, ನಿನ್ನ ಹಣೆಬರಹವನ್ನು ಬೈದುಕೊಂಡೆಯಲ್ಲ — ಬೈಯಬೇಕಾದದ್ದು ಪಕ್ಕದ ಮನೆಯ ಈ ಆಂಟಿಯನ್ನು.

ಗಣಿತದ ಟೀಚರಾಗಿ ರಿಟೈರಾದರೂ ಪಾಠ ಹೇಳುವ ಚಟ ಹೋಗಿರಲಿಲ್ಲ. ಲಿಂಗರಾಜಪುರದ ನಿನ್ನ ಮನೆಯಲ್ಲಿ, ಹೊಲಿಗೆ ಮಷೀನಿನ ಪಕ್ಕ ಕೂತು ಹೇಳಿದ್ದೆ — ಷೇರು ಎಂದರೆ ಕಂಪನಿಯಲ್ಲೊಂದು ಚೂರು ಪಾಲು. ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ, ಮಾರುವವರು ಹೆಚ್ಚಾದರೆ ಇಳಿಯುತ್ತದೆ. ಎಲ್ಲ ನಿಜವೇ. ಒಂದನ್ನು ಮಾತ್ರ ನುಂಗಿಕೊಂಡೆ: ಕೊಳ್ಳುವವರೇ ಇಲ್ಲದಿದ್ದರೆ ಮಾರಲು ಆಗುವುದಿಲ್ಲ.

ನಾನು ಸಿಕ್ಕಿಬಿದ್ದದ್ದು ಅಲ್ಲೇ. ನಾನು ಕೊಂಡಿದ್ದ ಒಂದು ಸಣ್ಣ ಕಂಪನಿಯ ಷೇರು, ಒಂದು ದಿನಕ್ಕೆ ಎಷ್ಟು ಇಳಿಯಲು ಬಿಡುತ್ತಾರೋ ಅಷ್ಟೂ ದಿನವೂ ಇಳಿದು ನಿಲ್ಲುತ್ತಿತ್ತು. ಮಾರಲು ಸಾಲುಗಟ್ಟಿದ್ದರು — ಮೊದಲು ಬಂದವರಿಗೆ ಮೊದಲ ಸರದಿ. ಕೊಳ್ಳಲು ಒಬ್ಬರೂ ಇಲ್ಲ. ಆಗ ನೀನು ನೆನಪಾದೆ — ಫ್ರೇಜರ್ ಟೌನಿನಲ್ಲಿ ಅಂಗಡಿ ಹಿಡಿಯಲೆಂದು ನೀನು ಕೂಡಿಟ್ಟಿದ್ದ ಅಡ್ವಾನ್ಸ್ ನೆನಪಾಯಿತು.

"ಅಗ್ಗಕ್ಕೆ ಸಿಗ್ತಿದೆ ಕಣೇ, ತಗೊಂಡ್ಬಿಡು" ಎಂದೆ. ನೀನು ಅರ್ಧ ಹಣ ಹಾಕಿದೆ. ಸಾಲಿನಲ್ಲಿ ನನ್ನ ಮುಂದಿದ್ದ ಯಾರದೋ ಷೇರು ಮಾರಿಹೋಯಿತು. ನನ್ನ ಸರದಿ ಬರಲಿಲ್ಲ. ನನಗೆ ಸಿಟ್ಟು ಬಂತು — ನಿನ್ನ ಮೇಲೆ, ಪೂರ್ತಿ ಹಾಕಲಿಲ್ಲವಲ್ಲ ಎಂದು.

ಮರುದಿನ ಬೆಲೆ ಇನ್ನೂ ಇಳಿದಾಗ ನೀನು ನನ್ನ ಮನೆಗೆ ಓಡಿಬಂದೆ.

"ಇನ್ನಷ್ಟು ತಗೊಂಡ್ರೆ ನೀನು ಕೊಟ್ಟ ಆವರೇಜ್ ಬೆಲೆ ಕಡಿಮೆ ಆಗುತ್ತೆ. ನನ್ದೂ ಅದ್ರಲ್ಲೇ ಇದೆ. ಹೆದರ್ಕೋಬೇಡ, ನಾನಿಲ್ವಾ?" ಎಂದೆ.

ನೀನು ನಿನ್ನ ಫೋನಿನಲ್ಲಿ ಕೊಳ್ಳುವ ಬಟನ್ ಒತ್ತಿದೆ. ಅಡುಗೆಮನೆಯಲ್ಲಿ ನನ್ನ ಫೋನ್ ಟಿಣ್ ಎಂದಿತು — ನನ್ನ ಷೇರು ಮಾರಾಟವಾಗಿತ್ತು.

"ಆಂಟಿ, ನಿಮ್ಗೇನೋ ಮೆಸೇಜ್ ಬಂತು."

"ಗ್ಯಾಸ್ ಬುಕಿಂಗ್‌ದು ಇರ್ಬೇಕು ಬಿಡು" ಎಂದೆ. ಟೀ ಮಾಡಿಕೊಟ್ಟೆ.

ಕಂಪನಿ ಮುಳುಗಿದ ದಿನ ನೀನೇ ನನ್ನನ್ನು ತಬ್ಬಿಕೊಂಡೆ. "ನಿಮ್ದೂ ಹೋಯ್ತಲ್ಲ ಆಂಟಿ, ಅಳ್ಬೇಡಿ, ಅಲ್ಲಾ ಕೊಡ್ತಾನೆ." ನಾನು ಅಳುತ್ತಿದ್ದದ್ದು ನಿಜ — ಪಾರಾದೆನಲ್ಲ ಎಂಬ ನೆಮ್ಮದಿಗೆ.

ಅಂಗಡಿ ಬೇರೆಯವರ ಪಾಲಾಯಿತು. ಇವತ್ತಿಗೂ ಮನೆಯ ಕಿಟಕಿಯ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹೊಲಿಯುತ್ತೀಯ. ನನ್ನ ಬ್ಲೌಸಿಗೆ ಮಾತ್ರ ಕೂಲಿ ತೆಗೆದುಕೊಳ್ಳುವುದಿಲ್ಲ — "ನಾವಿಬ್ರೂ ಕಳ್ಕೊಂಡೋರು ಆಂಟಿ" ಎನ್ನುತ್ತೀಯ. ನಾನು ಅದನ್ನು ತೊಟ್ಟುಕೊಂಡು ಓಡಾಡುತ್ತೇನೆ.

ಆ ಹಣ ನನ್ನ ಬ್ಯಾಂಕಿನಲ್ಲೇ ಇದೆ. ಆಗಲೇ ತಂದುಕೊಟ್ಟಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು — ಅಷ್ಟಕ್ಕೇ ನಿನ್ನ ಅಂಗಡಿಯನ್ನು ಹೋಗಲು ಬಿಟ್ಟೆ. ನಾಳೆ ತರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತಿರುತ್ತೇನೆ, ಶಾಹಿನಾ. ಕೂಲಿಯನ್ನೂ ತಂದಿರುತ್ತೇನೆ.