ನಮ್ಮ ಶಾಲೆಯ ನೂರಕ್ಕೆ ನೂರು

ಬೆಳಗ್ಗೆ ಪಕ್ಕದ ಮನೆಯ ಮಾಸ್ತರರು ಪೇಡೆಯ ಪೊಟ್ಟಣ ಹಿಡಿದು ಬಂದರು. "ಅಜ್ಜಾರ, ಬಾಯಿ ಸಿಹಿ ಮಾಡ್ಕೋರಿ. ನಮ್ಮ ಹೈಸ್ಕೂಲು ತಾಲೂಕಿಗೇ ಫಸ್ಟ್ ಬಂತು. ನೂರಕ್ಕೆ ನೂರು ಪಾಸ್!" ಸಕ್ಕರೆ ಕಾಯಿಲೆಯವನಿಗೆ ಪೇಡೆ ಕೊಡುವುದು ಹೇಗೂ ತಪ್ಪೇ. ಆದರೆ ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ ಕಾರಣಕ್ಕೆ. ನೂರಕ್ಕೆ ನೂರು ಹೇಗೆ ಬರುತ್ತದೆಂದು ನನಗೆ ಗೊತ್ತು.

ನಿಜಾಮನ ಕಾಲದಲ್ಲಿ ನಾನು ಓದಿದ್ದು ಕೊಪ್ಪಳದಲ್ಲೋ, ಗಂಗಾವತಿಯಲ್ಲೋ, ಕುಷ್ಟಗಿಯಲ್ಲೋ, ಯಲಬುರ್ಗಾದಲ್ಲೋ ಹೇಳಲಾರೆ. ಹೇಳಿದರೆ ಉಳಿದ ಮೂರು ಊರಿನವರು ಮೀಸೆ ತಿರುವುತ್ತಾರೆ. ಅಷ್ಟು ಸುಖ ಅವರಿಗೆ ಕೊಡಲು ನನಗೆ ಮನಸ್ಸಿಲ್ಲ. ನೆರೆ ತಾಲೂಕಿನ ಶಾಲೆಗೂ ನಮ್ಮದಕ್ಕೂ ಹಾವು ಮುಂಗುಸಿಯ ಸಂಬಂಧ. ಸಂತೆಗೆ ಬಂದವರೂ "ನಿಮ್ಮಲ್ಲಿ ಮೆಟ್ರಿಕ್ಕಿಗೆ ಎಷ್ಟು ಮಂದಿ ಬಿದ್ರೋ?" ಎಂದು ಕೆಣಕುತ್ತಿದ್ದರು. ಮಕ್ಕಳು ಕಲಿತದ್ದೇನು ಎಂದು ಯಾರೂ ಕೇಳುತ್ತಿರಲಿಲ್ಲ.

ಹೀಗಾಗಿ ನಮ್ಮ ಹೆಡ್‌ಮಾಸ್ತರರು ಒಂದು ಪದ್ಧತಿ ಹಚ್ಚಿದ್ದರು. ಮೆಟ್ರಿಕ್ಕಿಗೆ ಮೊದಲು ಶಾಲೆಯಲ್ಲೇ ಒಂದು ಪರೀಕ್ಷೆ. ಅದರಲ್ಲಿ ಅನುಮಾನ ಹುಟ್ಟಿಸಿದವನನ್ನು ಮೆಟ್ರಿಕ್ಕಿಗೆ ಕೂಡ್ರಿಸುತ್ತಲೇ ಇರಲಿಲ್ಲ. ಜೊಳ್ಳು ತೂರಿದ ಮೇಲೆ ರಾಶಿ ಚೆಂದ ಕಾಣದೆ ಇರುತ್ತದೆಯೇ?

ನನ್ನ ಅಣ್ಣ ಬಸಣ್ಣ ಜೊಳ್ಳಾಗಿರಲಿಲ್ಲ. ಲೆಕ್ಕದಲ್ಲಿ ಹುಲಿ. ಆದರೆ ಪಾಠವೆಲ್ಲ ಉರ್ದುವಿನಲ್ಲಿ. ಇರಕಲ್ಲಗಡದ ನಮ್ಮ ಮನೆಯಲ್ಲಿ ಎತ್ತಿಗೂ ಉರ್ದು ಬರುತ್ತಿರಲಿಲ್ಲ. ಉತ್ತರ ತಲೆಯಲ್ಲಿದ್ದರೂ ಅವನಿಗೆ ವಾಕ್ಯ ಕೂಡುತ್ತಿರಲಿಲ್ಲ. ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿದರು.

"ಹುಡುಗ ಶಾಣ್ಯಾ ಅದಾನ್ರಿ ಗೌಡ್ರ. ಉರ್ದು ಅಷ್ಟ ಕಚ್ಚಾ ಐತಿ. ಇವನೊಬ್ಬ ಬಿದ್ರ ಸಾಲಿ ಮಾನ ಹೋಗತೈತಿ. ಮುಂದಿನ ವರ್ಷ ಕೂಡ್ರಿಸೋಣು."

ಅಪ್ಪ ಜಗಳ ತೆಗೆಯಬೇಕಿತ್ತು. ಅದು ಬಿಟ್ಟು ಕೈಮುಗಿದು, "ಸಾಲಿ ಮಾನ ಅಂದ್ರ ಊರ ಮಾನರಿ. ಹಂಗ ಮಾಡ್ರಿ" ಎಂದುಬಿಟ್ಟ. ಊರಿಗೆ ಏನೋ ದಾನ ಕೊಟ್ಟವನ ಹಾಗೆ ಮನೆಗೆ ಬಂದು ಹೊಟ್ಟೆ ತುಂಬ ಉಂಡ. ಅಣ್ಣ ಉಣ್ಣಲಿಲ್ಲ.

ಆ ವರ್ಷ ನೂರಕ್ಕೆ ನೂರು ಬಂತು. ಹೆಡ್‌ಮಾಸ್ತರರಿಗೆ ಹಾರ, ಹಲಗಿ ಮೇಳ. ತೋರಣ ಕಟ್ಟಲು ಏಣಿ ಹತ್ತಿದವನು ನಮ್ಮಣ್ಣ. ಎತ್ತರದವನೆಂದು ಅವನನ್ನೇ ಕರೆದಿದ್ದರು. ನಾಚಿಕೆಗೆಟ್ಟ ಮಂದಿ! ಮರುವರ್ಷವೂ ಅನುಮಾನ ಉಳಿಯಿತು, ಮರುವರ್ಷವೂ ತಡೆದರು. ಅಣ್ಣ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ಹೊರಲು ಹೋದ.

ಹೊರೆ ಹೊತ್ತನೆಂದು ನನಗೆ ಹೊಟ್ಟೆ ಉರಿಯುವುದಿಲ್ಲ; ಉರಿಯುವುದು ಅವನ ಮಾತಿಗೆ. ಬೀಗರು ಬಿಜ್ಜರು ಯಾರು ಕೇಳಿದರೂ ಅವನು "ನಾ ಮೆಟ್ರಿಕ್ ಫೇಲ್ರಿ" ಎನ್ನುತ್ತಿದ್ದ. ಬರೆಯದ ಪರೀಕ್ಷೆಯಲ್ಲಿ ಫೇಲು! "ಯಣ್ಣಾ, ನೀ ಪರೀಕ್ಷಾಕ್ಕ ಕುಂತ ಇಲ್ಲಲ್ಲ" ಎಂದರೆ, "ಕುಂತಿದ್ರೂ ಅಷ್ಟ ಆಗ್ತಿತ್ತು ತಗೋ, ನಾ ದಡ್ಡ" ಎನ್ನುತ್ತಿದ್ದ. ಅದನ್ನು ನಂಬಿಕೊಂಡೇ ಸತ್ತ.

ಮಾಸ್ತರರು ಇನ್ನೂ ಕುಳಿತೇ ಇದ್ದರು. ಗಂಟಲು ಸರಿಮಾಡಿಕೊಂಡು, "ನಿಮ್ಮ ಮೊಮ್ಮಗಳು ಈ ಸಲ ಹತ್ತನೇ ಕ್ಲಾಸ್ ಅಲ್ರಿ? ಇಂಗ್ಲಿಷ್ ಸ್ವಲ್ಪ ಹಿಂದ ಅದಾಳ. ಹೊರಗಿನಿಂದ, ಪ್ರೈವೇಟ್ ಆಗಿ ಪರೀಕ್ಷಾ ಕಟ್ಟಿಸಿದ್ರ ಆಕಿಗೂ ಛಲೋ, ಸಾಲಿಗೂ ಛಲೋ" ಎಂದರು.

"ಮಾಸ್ತರ, ಆಕಿ ನಿಮ್ಮ ಸಾಲಿಯಿಂದನ ಕೂಡ್ತಾಳ. ಬಿದ್ರ ಬೀಳ್ಲಿ. ಬರದು ಬೀಳ್ಲಿ!" ಎಂದು ಒದರಿದೆ.

ಮಾಸ್ತರರು ಚಪ್ಪಲಿ ಮೆಟ್ಟಿದರು. ಒಳಗಿದ್ದ ಮೊಮ್ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. "ಅಜ್ಜಾ, ನಾ ಬೀಳ್ತೀನಂತ ನಿನಗ್ಯಾರು ಹೇಳ್ಯಾರ?"

ಸಂಜೆಯಾಯಿತು, ಇನ್ನೂ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಇಷ್ಟು ಸಿಟ್ಟು ನಮ್ಮಣ್ಣನಿಗೆ ಒಂದು ದಿನವಾದರೂ ಬಂದಿದ್ದರೆ!