ಎರಡು ಮೇಜಿನ ಕ್ರಿಸ್‌ಮಸ್

ದೆಹಲಿಯ ವಸಂತ್ ಕುಂಜ್‌ನ ನಮ್ಮ ಬಾಲ್ಕನಿಗೆ ಡಿಸೆಂಬರಿನಲ್ಲಿ ಮಧ್ಯಾಹ್ನ ಮಾತ್ರ ಒಂದು ತುಂಡು ಬಿಸಿಲು ಬೀಳುತ್ತದೆ. ಆ ಬಿಸಿಲಿನಲ್ಲಿ ಚಾಪೆ ಹಾಸಿ ಬಟಾಣಿ ಬಿಡಿಸುತ್ತ ನಾನು ಮಗಳಿಂದ ಊಟದ ಪ್ರಾರ್ಥನೆ ಹೇಳಿಸುತ್ತಿದ್ದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳಿಬಿಡುತ್ತಾಳೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಇಂಗ್ಲಿಷ್ ತಿದ್ದುತ್ತಿದ್ದ ಹಾಗೆಯೇ ನಾನೂ ಸಮಾಧಾನದಿಂದ ತಿದ್ದಿದೆ: ಮಕ್ಕಲು ಅಲ್ಲ, ಮಕ್ಕಳು. ಕೊನೆಯಲ್ಲಿ ತನ್ನದೇ ಒಂದೆರಡು ಮಾತು ಸೇರಿಸುತ್ತಾಳಂತೆ, ಅದು ಸರ್‌ಪ್ರೈಸ್ ಅಂತೆ. ಆಗಲಿ ಅಂದೆ.

ಮಂಗಳೂರಿನ ಕ್ರಿಸ್‌ಮಸ್ ಊಟಕ್ಕೆ ಈ ಸಲ ಪ್ರಾರ್ಥನೆ ಮಗುವೇ ಮಾಡಲಿ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಅದಕ್ಕೊಂದು ಕಾರಣವಿತ್ತು. ನನ್ನ ಗಂಡನ ಇಬ್ಬರು ಅಣ್ಣಂದಿರ ಮನೆಗಳು ಒಂದೇ ಅಂಗಳದಲ್ಲಿವೆ. ನಡುವೆ ಇದ್ದ ಮಾವಿನ ಮರವನ್ನು ದೊಡ್ಡ ಭಾವ ಕೇಳದೆ ಕಡಿಸಿದರೆಂದು ಸಣ್ಣ ಭಾವ ಮಾತು ಬಿಟ್ಟರು. ಅವನು ಬಿಟ್ಟನಲ್ಲ ಎಂದು ದೊಡ್ಡ ಭಾವನೂ ಬಿಟ್ಟರು. ಅಂದಿನಿಂದ ಹಬ್ಬದ ಊಟಕ್ಕೆ ಅಂಗಳದಲ್ಲಿ ಎರಡು ಮೇಜು. ಅತ್ತೆ ಒಂದರಲ್ಲಿ ಅರ್ಧ ಉಂಡು, ಮೊಣಕಾಲು ಹಿಡಿದುಕೊಂಡು ಎದ್ದು, ತಟ್ಟೆಯೊಂದಿಗೆ ಇನ್ನೊಂದಕ್ಕೆ ಹೋಗುತ್ತಿದ್ದರು. ಒಬ್ಬ ಮಗ ಪ್ರಾರ್ಥನೆ ಮಾಡಿದರೆ ಇನ್ನೊಬ್ಬ ಆಮೆನ್ ಹೇಳುತ್ತಿರಲಿಲ್ಲ. ಮಗು ಮಾಡಿದರೆ ಇಬ್ಬರೂ ಹೇಳಿಯಾರು, ಅಷ್ಟಾದರೂ ಕಿವಿಗೆ ಬೀಳಲಿ ಎಂಬುದು ಅತ್ತೆಯ ಆಸೆ.

ಮಂಜಿನಿಂದಾಗಿ ನಮ್ಮ ವಿಮಾನ ತಡವಾಗಿ ಹೊರಟಿತು. ಮಂಗಳೂರಿನಲ್ಲಿ ಇಳಿದಾಗ ಮೈಮೇಲಿನ ಸ್ವೆಟರುಗಳೆಲ್ಲ ತೋಳಿಗೆ ಬಂದವು. ದೆಹಲಿಯಿಂದ ತಂದ ಎಳ್ಳುಬೆಲ್ಲದ ಗಜಕ್ ಡಬ್ಬ ತೆರೆದರೆ ಸೆಕೆಗೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿತ್ತು. ಜಗಲಿಯ ಕ್ರಿಸ್‌ಮಸ್ ಮರಕ್ಕೆ ಮಕ್ಕಳು ಹಿಮವೆಂದು ಹತ್ತಿ ಅಂಟಿಸಿದ್ದರು. ಫ್ಯಾನ್ ಹಾಕಿದಾಗಲೆಲ್ಲ ಅದು ಹಾರಿ ಯಾರದಾದರೂ ಶರಬತ್ತಿನಲ್ಲಿ ಬೀಳುತ್ತಿತ್ತು.

ಹಬ್ಬಕ್ಕೆ ಅಡುಗೆಮನೆ ಮಾತ್ರ ಒಂದೇ. ಓರಗಿತ್ತಿಯರಿಬ್ಬರೂ ಅಕ್ಕಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಒಳಗೆ ಕಾಲಿಡುತ್ತಲೇ ಹಿರಿಯ ಓರಗಿತ್ತಿ ದೊಡ್ಡಕ್ಕ ತೆಂಗಿನಕಾಯಿ ನನ್ನ ಕಡೆ ಉರುಳಿಸಿದರು.

“ಜಗಳ ಅವರದ್ದು, ಕೋಳಿ ನಮ್ಮದು. ಕೂತ್ಕೋ ಮಾರಾಯ್ತಿ, ಕಾಯಿ ತುರಿ.”

ಹಬ್ಬದ ದಿನ ಚರ್ಚಿನಿಂದ ಬರುವಷ್ಟರಲ್ಲಿ ಅಂಗಳ ಬಿಸಿಲಿಗೆ ಕಾದಿತ್ತು. ಚಪ್ಪರದ ಕೆಳಗೆ ಎರಡು ಮೇಜು, ಎರಡಕ್ಕೂ ಒಂದೇ ಬಟ್ಟೆಯನ್ನು ಕತ್ತರಿಸಿ ಹಾಸಿದ್ದರು. ಒಂದರ ಅಂಚಿಗೆ ಲೇಸ್ ಇತ್ತು, ಇನ್ನೊಂದರ ಅಂಚು ಕತ್ತರಿ ಬಿದ್ದಲ್ಲಿ ಎಳೆ ಬಿಟ್ಟಿತ್ತು. ಅತ್ತೆ ಮೊದಲು ದೊಡ್ಡ ಭಾವನ ಕಡೆ ಕೂತರು. ಮಗಳು ಎರಡು ಮೇಜಿನ ನಡುವೆ ನಿಂತು ಕಣ್ಣು ಮುಚ್ಚಿದಳು. ಹೇಳಿಕೊಟ್ಟದ್ದನ್ನೆಲ್ಲ ತಪ್ಪಿಲ್ಲದೆ ಹೇಳಿದಳು. ಆಮೇಲೆ ಅವಳದೇ ಮಾತು ಬಂತು.

“ದೇವರೇ, ಸಂಸಾರದಲ್ಲಿ ಈ ಜಗಳ ಎಲ್ಲ ನಿಲ್ಲಲಿ. ದೊಡ್ಡವರು ಜಗಳ ಆಡ್ತಾರೆ, ಕಷ್ಟ ಚಿಕ್ಕವರಿಗೆ. ಅವರು ಒಂದು ಟೇಬಲ್‌ನಲ್ಲಿ ಕೂತು ಮಾತಾಡಲಿ. ಆಮೆನ್.”

ಯಾರೂ ಆಮೆನ್ ಅನ್ನಲಿಲ್ಲ. ನನ್ನ ಗಂಡ ಚಪ್ಪಲಿಯ ತುದಿ ನೋಡುತ್ತ ನಿಂತರು. ದೊಡ್ಡ ಭಾವನ ಕಿವಿ ಕೆಂಪಾಗಿತ್ತು. ಸಣ್ಣ ಭಾವ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ನನ್ನತ್ತ ನೋಡಿ ಮೆಲ್ಲಗೆ ಕೇಳಿದರು.

“ಇದನ್ನು ನೀನೇ ಹೇಳಿಕೊಟ್ಟದ್ದಾ?”

ಮಗಳೇ ಉತ್ತರ ಕೊಟ್ಟಳು.

“ಇಲ್ಲ ದೊಡ್ಡಪ್ಪ, ಮೈ ಓನ್. ನ್ಯೂಸಲ್ಲಿ ತೋರಿಸ್ತಾರಲ್ಲ? ಪೂರೇ ಸಂಸಾರ್ ಮೇ ಲಡಾಯಿ. ದೊಡ್ಡ ದೊಡ್ಡ ದೇಶ, ಬಾಂಬ್ ಎಲ್ಲ.”

ಆಗ ಹೊಳೆಯಿತು. ಅವಳ ಸಂಸಾರ ಹಿಂದಿಯ ಸಂಸಾರ, ಅಂದರೆ ಇಡೀ ಜಗತ್ತು. ದೆಹಲಿಯಲ್ಲಿ ಶಾಲೆಯ ಪ್ರಾರ್ಥನೆಯಲ್ಲಿ ಅವಳು ದಿನಾ ಹೇಳುವ ಶಬ್ದ. ಯುದ್ಧಕ್ಕೆ ಅವಳಿಗೆ ಗೊತ್ತಿದ್ದ ಕನ್ನಡ ಜಗಳ ಒಂದೇ. ನಾನು ಅದನ್ನು ಎಲ್ಲರಿಗೂ ಬಿಡಿಸಿ ಹೇಳಿದೆ. ದೊಡ್ಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ದೊಡ್ಡ ಭಾವ ಆಚೆ ಮೇಜಿನ ಕಡೆ ತಿರುಗಲಿಲ್ಲ. ಅನ್ನದ ಪಾತ್ರೆಯನ್ನೇ ನೋಡುತ್ತ ಹೇಳಿದರು.

“ಹಾಗಾದರೆ ನಮ್ಮ ವಿಷಯ ಅಲ್ಲ ಮಾರಾಯ.”

ಮಾರಾಯ ಅಂದದ್ದು ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಸಣ್ಣ ಭಾವ ಕರವಸ್ತ್ರ ಮಡಚಿ ಜೇಬಿಗೆ ಇಟ್ಟರು.

“ಅಲ್ಲ. ನಮ್ಮ ಜಗಳ ಅಷ್ಟು ದೊಡ್ಡದಲ್ಲ.”

ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡಕ್ಕ. ಅತ್ತೆ ಮಾತ್ರ ನಗಲಿಲ್ಲ. ತಟ್ಟೆಯ ಮೇಲೆ ಕೈ ಇಟ್ಟು ಕೂತೇ ಇದ್ದರು.

“ಮಗು ಪ್ರಾರ್ಥನೆ ಮುಗಿಸಿ ಎಷ್ಟು ಹೊತ್ತಾಯಿತು. ಯಾರೂ ಆಮೆನ್ ಹೇಳಲಿಲ್ಲ.”

ದೊಡ್ಡ ಭಾವ ಆಮೆನ್ ಹೇಳಿದರು. ಅವರ ಹಿಂದೆಯೇ, ಸ್ವಲ್ಪ ಗೊಗ್ಗರು ಧ್ವನಿಯಲ್ಲಿ, ಸಣ್ಣ ಭಾವನೂ ಹೇಳಿದರು.

“ಇನ್ನು ನನಗೆ ಏಳ್ಲಿಕ್ಕೆ ಆಗುದಿಲ್ಲ,” ಅಂದರು ಅತ್ತೆ. “ನೀವೇ ಬನ್ನಿ.”

ಸಣ್ಣ ಭಾವ ತಮ್ಮ ಮೇಜಿನ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ನನ್ನ ಗಂಡ ಹೋಗುವ ಮೊದಲೇ ದೊಡ್ಡ ಭಾವ ಎದ್ದು ಹೋಗಿದ್ದರು. ಪಲಾವಿನ ಪಾತ್ರೆ ಇಳಿಸದೆಯೇ ಎತ್ತಿದರು. ಒಬ್ಬರು ‘ಮೆಲ್ಲಗೆ’ ಅಂದರು, ಇನ್ನೊಬ್ಬರು ‘ಕಾಲು ನೋಡಿಕೋ’ ಅಂದರು. ಎರಡು ಮೇಜು ಕೂಡಿದಾಗ ಒಂದು ಇನ್ನೊಂದಕ್ಕಿಂತ ಬೆರಳಷ್ಟು ತಗ್ಗಾಗಿತ್ತು. ಲೇಸಿನ ಅಂಚು ಒಂದು ಕಡೆ, ಎಳೆ ಬಿಟ್ಟ ಅಂಚು ಇನ್ನೊಂದು ಕಡೆ.

ಊಟದ ಉದ್ದಕ್ಕೂ ಅಣ್ಣತಮ್ಮಂದಿರು ಹೆಚ್ಚೇನೂ ಆಡಲಿಲ್ಲ. ಉಪ್ಪು ಕೇಳಿದ್ದು, ಉಪ್ಪು ಕೊಟ್ಟದ್ದು, ಅಷ್ಟೇ. ಮಾವಿನ ಮರದ ಸುದ್ದಿ ಬರಲಿಲ್ಲ. ಮಗಳು ನನ್ನ ಕಿವಿಯಲ್ಲಿ ತಾನು ಏನಾದರೂ ತಪ್ಪು ಹೇಳಿದೆನಾ ಎಂದು ಕೇಳಿದಳು. ಇಲ್ಲ, ಉಣ್ಣು ಅಂದೆ.

ಅತ್ತೆ ಕೋಳಿಯ ಮೂಳೆಯನ್ನು ನಿಧಾನವಾಗಿ ಚೀಪುತ್ತಿದ್ದರು. ತಟ್ಟೆಯ ಅರ್ಧಕ್ಕೆ ಬಂದಾಗ ಅಭ್ಯಾಸಬಲದಿಂದ ಒಮ್ಮೆ ಮೇಜಿಗೆ ಕೈಯೂರಿದರು. ಆಮೇಲೆ ಅತ್ತಿತ್ತ ನೋಡಿ, ಹಾಗೆಯೇ ಕೂತು, ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.