ಮಾಮಾನ ಕಿವಿಯಲ್ಲಿ ಕೊಟ್ಟ ನಿಯಮ

ನಾನು ಬೆಳಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಬಳಗದಲ್ಲಿ ಯಾರಿಗೆ ಬೇನೆ ಬಂದರೂ ರಿಪೋರ್ಟು ಮೊದಲು ನನ್ನ ಕೈಗೆ ಬರುತ್ತದೆ. ಅರ್ಧ ತಿಳಿದಿದ್ದನ್ನು ಪೂರ್ತಿ ಬಲ್ಲವಳಂತೆ ಹೇಳುವ ಚಟ ನನಗೆ ಅಂಟಿದ್ದು ಹೀಗೆ.

ಹೋದ ಮಳೆಗಾಲದಲ್ಲಿ ಖಾನಾಪುರದ ನನ್ನ ಸೋದರಮಾವನಿಗೆ ನ್ಯುಮೋನಿಯಾ ಜೋರಾಯಿತು. ಇಲ್ಲಿಯ ಆಸ್ಪತ್ರೆಗೆ ತಂದು, ಗಂಟಲಿಗೆ ನಳಿಗೆ ಇಳಿಸಿ ವೆಂಟಿಲೇಟರ್ ಹಚ್ಚಿದರು. ನಿದ್ದೆಯ ಔಷಧಿ ಕೊಟ್ಟಿದ್ದರಿಂದ ಕಣ್ಣು ಮುಚ್ಚಿಕೊಂಡೇ ಇದ್ದರು. ಭೇಟಿಯ ಹೊತ್ತಿಗೆ ಮಾಮಿಯ ಜೊತೆ ನಾನೂ ಒಳಗೆ ಹೋದೆ.

"ಎದಿ ಏರಿ ಇಳಿಯಾಕತ್ತೈತಿ. ಉಸಿರು ಆಡಾಕತ್ತಾರಲ್ಲ?" ಎಂದರು ಮಾಮಿ, ಆಸೆಯಿಂದ.

"ಇಲ್ಲ ಮಾಮಿ, ಅದು ಅವರ ಉಸಿರಲ್ಲ. ನಮ್ಮ ಎದಿ ಅಗಲಾಗಿ ಗಾಳಿ ಒಳಗ ಎಳಕೊಂತೈತಿ. ಮಿಷನ್ ಹಂಗಲ್ಲ. ಸೈಕಲ್ ಟ್ಯೂಬಿಗೆ ಪಂಪ್ ಹೊಡದಂಗ ಗಾಳಿ ಒಳಗ ದಬ್ಬತೈತಿ. ದಬ್ಬೂದು ನಿಲ್ಲಿಸಿದ್ರ ಎದಿ ತಾನ ಇಳೀತೈತಿ. ಇದರಾಗ ಮಾಮಾಂದು ಏನೂ ಇಲ್ಲ."

ಹಾಸಿಗೆಯ ಪಕ್ಕದಲ್ಲೇ ನಿಂತು, ಕರಿಹಲಗೆಯ ಮುಂದೆ ನಿಂತವಳ ಹಾಗೆ ಇಷ್ಟನ್ನೂ ಹೇಳಿ ಮುಗಿಸಿದೆ. ಮಾಮಿಯ ಮುಖ ಬಾಡಿತು. "ಹಂಗಾದ್ರ ನಿಯಮ ಕೊಡೂದ ಏನು?" ಎಂದರು.

ನಮ್ಮ ಜೈನರ ಮನೆಗಳಲ್ಲಿ ಜೀವ ಹೋಗುವ ಹೊತ್ತು ಬಂತು ಅನ್ನಿಸಿದರೆ, ಹತ್ತಿರದವರು ಕಿವಿಯಲ್ಲಿ ಅನ್ನನೀರು ಬಿಡುವ ನಿಯಮ ಕೊಡುತ್ತಾರೆ. ಹೋಗುವವರು ಎಲ್ಲವನ್ನೂ ಬಿಟ್ಟೇ ಹೋಗಲಿ ಎಂದು. ಡಾಕ್ಟರನ್ನು ಒಂದು ಮಾತು ಕೇಳೋಣ ಎನ್ನುವುದು ನನಗೆ ಹೊಳೆಯಲೇ ಇಲ್ಲ.

"ಕೊಟ್ಟಬಿಡ್ರಿ ಮಾಮಿ. ತಡಾ ಮಾಡಬ್ಯಾಡ್ರಿ" ಎಂದೆ.

ಮಾಮಿ ಬಗ್ಗಿ ಗಂಡನ ಕಿವಿಗೆ ಬಾಯಿ ಹಚ್ಚಿದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

ಸಂಜೆ ಡಾಕ್ಟರು ನನ್ನನ್ನು ಕರೆದು ವೆಂಟಿಲೇಟರಿನ ಪರದೆ ತೋರಿಸಿದರು. ಪ್ರತಿ ಅಲೆ ಏಳುವ ಮೊದಲು ಅಲ್ಲೊಂದು ಸಣ್ಣ ತಗ್ಗು ಬೀಳುತ್ತಿತ್ತು. "ಮುಂಜಾನಿಂದ ನಿದ್ದಿ ಔಷಧಿ ಕಡಿಮಿ ಮಾಡೇವ್ರಿ. ಈಗ ಅವರೇ ಮೊದಲು ಒಂಚೂರು ಉಸಿರು ಎಳೀತಾರ. ಅದು ಮಿಷನ್‌ಗೆ ಗೊತ್ತಾಗಿ, ಉಳಿದ ಗಾಳಿ ಅದು ಕೊಡತೈತಿ. ಉಸಿರು ಕೇಳಾವರು ಅವರೇ. ಬಾಜೂಕ ಕುಂತು ಮಾತಾಡಸ್ರಿ, ಎಲ್ಲಾ ಕೇಳಸತೈತಿ."

ಎಲ್ಲಾ ಕೇಳಿಸುತ್ತದೆ! ಆ ಮನುಷ್ಯ ಒಂದೊಂದು ಉಸಿರನ್ನೂ ತಾನೇ ಕೇಳಿ ಪಡೆಯುತ್ತಿದ್ದಾಗ, ಅವರ ತಲೆಯ ಹತ್ತಿರವೇ ನಿಂತು ಇದರಲ್ಲಿ ನಿಮ್ಮದೇನೂ ಇಲ್ಲ ಎಂದಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು. ಮಾಮಿಗೆ ಅವರು ಉಳಿಯುತ್ತಾರಂತೆ ಎಂದಷ್ಟೇ ಹೇಳಿದೆ.

ನಳಿಗೆ ತೆಗೆದ ಮರುದಿನ, ಚಮಚದಲ್ಲಿ ನೀರು ಕೊಡಬಹುದು ಎಂದರು. ನಾನೇ ಮುಂದೆ ಹೋದೆ. ಮಾಮಾ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದರು. ಮತ್ತೆ ಹಿಡಿದೆ. ಅವರು ಬೆರಳೆತ್ತಿ ತಮ್ಮ ಕಿವಿ ಮುಟ್ಟಿ ತೋರಿಸಿ, ಒಡಕು ದನಿಯಲ್ಲಿ "ನಿಯಮ ಐತಿ" ಎಂದರು.

ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟರೆ, ತಿಳಿಯದೆ ಬಡಿಸಿದರೂ ತಾಟು ಸರಿಸಿ ಏಳುವ ಮನುಷ್ಯ ಅವರು. ಉಳಿದು ಬಂದವರನ್ನು ನಾನು ಉಪವಾಸ ಕೆಡವಿ ಕೊಲ್ಲುತ್ತೇನೇನೋ ಎಂದು ಹೆದರಿದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ಮಾಮಾ, ತಪ್ಪು ನಂದು" ಎನ್ನುತ್ತ ಚಮಚವನ್ನು ಬಿಗಿದ ತುಟಿಗೇ ಒತ್ತಿದೆ, ನೀರು ಅವರ ಗದ್ದದ ಮೇಲೆ ಚೆಲ್ಲಿತು.

ಮಾಮಿ ನನ್ನ ಕೈಯಿಂದ ಚಮಚ ಕಸಿದುಕೊಂಡರು. "ನಾ ಹೇಳಿದ್ದು ಪೂರಾ ಕೇಳೀರೇನು? ಈ ನಳಿಗಿ ಇರೂತನಕ ಅಂದಿದ್ನಿ. ನಳಿಗಿ ಹೋತು, ನಿಯಮ ಮುಗೀತು. ಬಾಯಿ ತಗೀರಿ."

ಮಾಮಾ ನೆನಪಿಸಿಕೊಳ್ಳುವವರಂತೆ ಹೆಂಡತಿಯ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು. ಎರಡು ಚಮಚ ಇಳಿದ ಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಟ್ಯೂಬ್ ಪಂಚರ್ ಇಲ್ಲ ನೋಡ್ರಿ" ಎಂದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಹೊರಗೆ ಬಂದಾಗ ಮಾಮಿಯ ಕೈ ಹಿಡಿದು ಕೇಳಿದೆ: "ನಳಿಗಿ ಇರೂತನಕ ಅಂತ ಯಾಕ ಹೇಳಿದ್ರಿ? ನಾ ಅಷ್ಟು ಖಾತ್ರಿಲೆ ಹೇಳಿದ್ದೆನಲ್ಲ?"

"ನೀ ಶಾಣ್ಯಾಕಿ, ನಿನ್ನ ಮಾತು ಖರೇನ ಇರಬೇಕು ಅನ್ಕೊಂಡ್ನಿ" ಎಂದರು ಮಾಮಿ, ಸೆರಗಿನಿಂದ ಚಮಚ ಒರೆಸುತ್ತ. "ಆದ್ರ ಅವರನ್ನ ಕಳಸಾಕ ನಿನಗ ಇದ್ದಷ್ಟು ಗಡಿಬಿಡಿ ನನಗ ಇರಲಿಲ್ಲವ್ವಾ."